ಹಣ್ಣಿನ ಬಳಕೆ ಮತ್ತು ಮಲಬದ್ಧತೆ



ಎತ್ತು ಗಟ್ಟಿ ಸಗಣಿ ಹಾಕಿದರೆ ನೀವು ಅಂದೇ ಗಮನಿಸುತ್ತೀರಿ. ಮೇವು ತೀರ ಒಣಗಿತ್ತೇ, ನೀರು ಸಾಲದೆ ಹೋಯಿತೇ ಎಂದು ವಿಚಾರಿಸುತ್ತೀರಿ. ಸಂಜೆಯೊಳಗೆ ಒಂದು ಹೊರೆ ಹಸಿಹುಲ್ಲು ಗೋದಲೆಗೆ ಬೀಳುತ್ತದೆ. ಆದರೆ ಅದೇ ಮನೆಯಲ್ಲಿ ತಂದೆಗೋ ತಾಯಿಗೋ ಮೂರು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೆ ಕೇಳುವವರಿಲ್ಲ. ನಾಚಿಕೆಯ ಮಾತೆಂದು ಅವರೂ ಬಾಯಿ ಬಿಡುವುದಿಲ್ಲ. ಮುಕ್ಕಿ ಮುಕ್ಕಿ ಮೂಲವ್ಯಾಧಿ ಕಾಣಿಸಿಕೊಂಡು, ನೇಗಿಲ ಹಿಂದೆ ನಡೆಯಲೂ ಟ್ರಾಕ್ಟರಿನ ಮೇಲೆ ಕೂರಲೂ ಆಗದಂತಾದಾಗ ಮಾತು ಹೊರಗೆ ಬರುತ್ತದೆ. ಅಷ್ಟರಲ್ಲಿ ಬಿತ್ತನೆಯ ಕಾಲ ಕೈಮೀರಿರುತ್ತದೆ.

ಆದುದರಿಂದ ಈ ಸಂಚಿಕೆಯ ಪಾಠವನ್ನು ನಾಚಿಕೆಯಿಲ್ಲದೆ ಓದಿರಿ. ಓದು ಬಾರದ ಹಿರಿಯರಿಗೆ ಓದಿ ಹೇಳಿರಿ. ಮಲಬದ್ಧತೆ ಎಂದರೇನು, ಅದರ ಮೇಲೆ ಹಣ್ಣು ಹೇಗೆ ಕೆಲಸ ಮಾಡುತ್ತದೆ, ಯಾವ ಹಣ್ಣನ್ನು ಎಷ್ಟು ತಿನ್ನಬೇಕು, ಎಂತಹ ಸಂದರ್ಭದಲ್ಲಿ ಹಣ್ಣನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು, ಈ ನಾಲ್ಕು ವಿಷಯಗಳನ್ನು ಕ್ರಮವಾಗಿ ತಿಳಿಯೋಣ. ಇದು ವಯಸ್ಕರಿಗಾಗಿ ಬರೆದ ಪಾಠ. ಎಳೆಯ ಮಕ್ಕಳ ವಿಚಾರ ಬೇರೆ.

1. ಮಲಬದ್ಧತೆ ಎಂದರೇನು?

ದಿನಕ್ಕೊಮ್ಮೆ ಹೋಗದಿದ್ದರೆ ಅದೇ ಮಲಬದ್ಧತೆ ಎಂದು ಅನೇಕರ ನಂಬಿಕೆ. ಇದು ಸರಿಯಲ್ಲ. ದಿನಕ್ಕೆ ಮೂರು ಸಲ ಹೋಗುವವನೂ ಆರೋಗ್ಯವಂತನೇ, ವಾರಕ್ಕೆ ಮೂರು ಸಲ ಹೋಗುವವನೂ ಆರೋಗ್ಯವಂತನೇ. ಹೋಗುವಾಗ ಕಷ್ಟವಿರಬಾರದು, ಅಷ್ಟೆ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾದರೆ, ಪ್ರತಿ ಸಲವೂ ಮುಕ್ಕಬೇಕಾಗಿ ಬಂದರೆ, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಎನ್ನಿಸಿದರೆ, ಮಲವು ಗಂಟುಗಂಟಾಗಿ ಬಿದ್ದರೆ ಅದನ್ನು ಮಲಬದ್ಧತೆ ಎನ್ನಬೇಕು.

1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದರು. ಆ ಪಟ್ಟಿಯನ್ನು ಈಗ ವೈದ್ಯರು ಎಲ್ಲೆಡೆ ಬಳಸುತ್ತಾರೆ. ನಮಗೆ ಪಟ್ಟಿಯ ಅಗತ್ಯವೂ ಇಲ್ಲ. ಹಟ್ಟಿಯನ್ನು ನೋಡಿದರೆ ಸಾಕು. ಆಡಿನ ಹಿಕ್ಕೆಯಂತೆ ಉಂಡೆಯುಂಡೆಯಾಗಿದ್ದರೆ, ಅಥವಾ ಅಂತಹ ಉಂಡೆಗಳು ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಮಲಬದ್ಧತೆ. ಮಾಗಿದ ಬಾಳೆಹಣ್ಣಿನಂತೆ ನಯವಾಗಿ ಬಂದರೆ ಸರಿಯಾದ ಸ್ಥಿತಿ. ಆಡಿಗೆ ಹಿಕ್ಕೆ ಸಹಜ, ಮನುಷ್ಯನಿಗಲ್ಲ.

2. ಹೊಟ್ಟೆಯೊಳಗಿನ ನೀರಿನ ಲೆಕ್ಕ

ನೀರಾವರಿಯ ಲೆಕ್ಕ ಬಲ್ಲವರಿಗೆ ಈ ಭಾಗ ಕಷ್ಟವಾಗಲಾರದು. ನಾವು ಕುಡಿದ ನೀರು, ಉಂಡ ಊಟದಲ್ಲಿನ ನೀರು, ಬಾಯಿಯ ಜೊಲ್ಲು, ಜಠರ ಮತ್ತು ಕರುಳಿನ ರಸಗಳು, ಇವೆಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ. ಇದರ ಬಹುಭಾಗವನ್ನು ಸಣ್ಣ ಕರುಳು ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ತಲುಪುವುದು ಸುಮಾರು ಒಂದೂವರೆ ಲೀಟರ್. ಅಲ್ಲಿಯೂ ಹೀರಿಕೆ ನಡೆದು, ಕೊನೆಗೆ ಮಲದೊಡನೆ ಹೊರಬೀಳುವ ನೀರು 100ರಿಂದ 200 ಮಿಲಿಲೀಟರ್ ಮಾತ್ರ.

ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಮಲವು ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತದೆ. ಬೇಸಗೆಯಲ್ಲಿ ಕೆರೆಯ ಗೋಡು ಒಣಗಿ ಹೆಂಟೆಯಾಗುವುದನ್ನು ನೋಡಿದ್ದೀರಿ. ಹೊಟ್ಟೆಯಲ್ಲಿ ಆಗುವುದೂ ಅದೇ. ಒಣಗಿದ್ದು ಮುಂದೆ ಸರಿಯುವುದಿಲ್ಲ. ಸರಿಯದಿದ್ದುದರಿಂದ ಇನ್ನಷ್ಟು ಒಣಗುತ್ತದೆ. ಈ ಸುತ್ತನ್ನು ಮುರಿಯಬೇಕಾದರೆ ಎರಡು ಕೆಲಸ ಆಗಬೇಕು: ಮಲದೊಳಗೆ ನೀರು ಉಳಿಯಬೇಕು, ಮಲವು ಬೇಗ ಮುಂದೆ ಸಾಗಬೇಕು. ಹಣ್ಣು ಸಹಾಯಕ್ಕೆ ಬರುವುದು ಇಲ್ಲಿಯೇ.

3. ಹಣ್ಣು ಮಾಡುವ ಕೆಲಸ

ಬರಿಯ ಜೇಡಿಮಣ್ಣಿಗೆ ನೀರು ಹಾಯಿಸಿ ಬಿಟ್ಟರೆ ನಾಲ್ಕು ದಿನದಲ್ಲಿ ಒಡೆದು ಗಟ್ಟಿಯಾಗುತ್ತದೆ. ಅದೇ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದ್ದರೆ ತೇವ ಹಿಡಿದು ಮೆತ್ತಗಿರುತ್ತದೆ. ಕರುಳಿನಲ್ಲಿ ಗೊಬ್ಬರದ ಈ ಕೆಲಸವನ್ನು ಮಾಡುವುದು ನಾರು. ನಮ್ಮ ಜೀರ್ಣರಸಗಳಿಗೆ ಕರಗದೆ ದೊಡ್ಡ ಕರುಳಿನವರೆಗೂ ತಲುಪುವ ಸಸ್ಯಭಾಗಕ್ಕೆ ನಾರು ಎಂದು ಹೆಸರು. ಮಾಂಸ, ಮೊಟ್ಟೆ, ಹಾಲು, ಸಕ್ಕರೆ, ಎಣ್ಣೆಗಳಲ್ಲಿ ನಾರು ಇಲ್ಲ.

ಹಣ್ಣಿನಲ್ಲಿ ಎರಡು ಬಗೆಯ ನಾರುಗಳಿವೆ. ಮೊದಲನೆಯದು ನೀರಿನಲ್ಲಿ ನೆನೆದು ಲೋಳೆಯಾಗುವಂಥದು. ಪೆಕ್ಟಿನ್ ಎಂಬುದು ಈ ಜಾತಿಗೆ ಸೇರಿದ್ದು. ಸೀಬೆಹಣ್ಣನ್ನು ಕುದಿಸಿದಾಗ ಜೆಲ್ಲಿ ಕಟ್ಟುವುದು ಇದರಿಂದಲೇ. ಎರಡನೆಯದು ಸಿಪ್ಪೆ, ಎಳೆ, ತೊಳೆಯ ಪೊರೆಗಳಲ್ಲಿರುವ ಗಟ್ಟಿ ನಾರು. ಇದು ಕರಗುವುದಿಲ್ಲ, ಮಲದ ಗಾತ್ರವನ್ನು ಹೆಚ್ಚಿಸಿ ಕರುಳಿನ ಗೋಡೆಯನ್ನು ಒತ್ತಿ ಚಲನೆಗೆ ಪ್ರೇರಿಸುತ್ತದೆ. ಕರುಳಿನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರಿನ ಒಂದು ಭಾಗವನ್ನು ತಿಂದು ಬೆಳೆಯುತ್ತವೆ. ಅವುಗಳ ರಾಶಿಯೂ ಮಲಕ್ಕೆ ಸೇರಿ ಅದನ್ನು ಮೆದುವಾಗಿಸುತ್ತದೆ.

ಇದಲ್ಲದೆ ಪ್ಲಮ್, ಪೇರು, ಸೇಬುಗಳಂತಹ ಕೆಲವು ಹಣ್ಣುಗಳಲ್ಲಿ ಸಾರ್ಬಿಟಾಲ್ ಎಂಬ ಸಿಹಿವಸ್ತು ಇರುತ್ತದೆ. ಇದು ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ, ತಾನಿರುವ ಕಡೆಗೆ ನೀರನ್ನು ಎಳೆದುಕೊಳ್ಳುತ್ತದೆ. ಹೀಗೆ ನಾರು, ನೀರು, ಸಿಹಿ ಮೂರೂ ಕೂಡಿ ಕೆಲಸ ಮಾಡುವುದರಿಂದ ಇಡೀ ಹಣ್ಣಿಗೆ ಇರುವ ಗುಣ, ಅದರ ಒಂದೊಂದು ಅಂಶವನ್ನು ಬೇರ್ಪಡಿಸಿದಾಗ ಅಷ್ಟಾಗಿ ಇರುವುದಿಲ್ಲ.

4. ಪರೀಕ್ಷೆಗಳಿಂದ ತಿಳಿದದ್ದು

ಬೀಜದ ತಳಿಯನ್ನು ತಾಕಿನಲ್ಲಿ ಪರೀಕ್ಷಿಸಿ ನೋಡುವಂತೆ ಆಹಾರವನ್ನೂ ಜನರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಆಫ್ರಿಕಾದಲ್ಲಿ ಬಹುಕಾಲ ಕೆಲಸ ಮಾಡಿದ ಬರ್ಕಿಟ್ ಎಂಬ ಶಸ್ತ್ರವೈದ್ಯರು ತಮ್ಮ ಸಂಗಡಿಗರೊಡನೆ 1972ರಲ್ಲಿ ಒಂದು ವರದಿ ಪ್ರಕಟಿಸಿದರು. ನಾರಿನ ಆಹಾರ ಉಣ್ಣುವ ಹಳ್ಳಿಗರ ಮಲವು ಹೆಚ್ಚು ತೂಕವಿದ್ದು ಬೇಗ ಸಾಗುತ್ತದೆ, ನಯಮಾಡಿದ ಆಹಾರ ಉಣ್ಣುವವರದು ಕಡಿಮೆ ತೂಕವಿದ್ದು ನಿಧಾನವಾಗಿ ಸಾಗುತ್ತದೆ ಎಂಬುದು ಅದರ ಸಾರ.

2011ರಲ್ಲಿ ಅಮೆರಿಕದ ಅಯೋವಾದಲ್ಲಿ ಮಲಬದ್ಧತೆಯ 40 ಜನರಿಗೆ ಮೂರು ವಾರ ದಿನಕ್ಕೆ 100 ಗ್ರಾಂ ಒಣ ಪ್ಲಮ್ ಹಣ್ಣು, ಮತ್ತೆ ಮೂರು ವಾರ ಇಸಬ್‌ಗೋಲು ಕೊಟ್ಟು ನೋಡಿದರು. ಎರಡರಲ್ಲಿಯೂ ನಾರು ದಿನಕ್ಕೆ 6 ಗ್ರಾಂ, ಸಮಸಮ. ಆದರೂ ಹಣ್ಣೇ ಹೆಚ್ಚು ಗುಣ ತೋರಿತು.

2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಮಾವು ಬೆಳೆಯುವ ನಮಗೆ ಸಂತೋಷ ಕೊಡುವಂಥದು. ಟೆಕ್ಸಾಸಿನಲ್ಲಿ 36 ಜನರಲ್ಲಿ ಕೆಲವರಿಗೆ ನಾಲ್ಕು ವಾರ ದಿನಕ್ಕೆ 300 ಗ್ರಾಂ ಮಾವಿನಹಣ್ಣು, ಉಳಿದವರಿಗೆ ಅಷ್ಟೇ ನಾರಿನ ಪುಡಿ ಕೊಟ್ಟರು. ಇಬ್ಬರಿಗೂ ಗುಣವಾಯಿತು, ಮಾವು ತಿಂದವರಿಗೆ ಹೆಚ್ಚು ಗುಣವಾಯಿತು. 2021ರಲ್ಲಿ ಅಮೆರಿಕದಲ್ಲಿ 79 ಜನರಿಗೆ ದಿನಕ್ಕೆ ಎರಡು ಕೀವಿ ಹಣ್ಣು, ಅಥವಾ 100 ಗ್ರಾಂ ಒಣ ಪ್ಲಮ್, ಅಥವಾ 12 ಗ್ರಾಂ ಇಸಬ್‌ಗೋಲು ಕೊಟ್ಟಾಗ ಮೂರು ಗುಂಪಿಗೂ ಸುಖವಾಯಿತು. ಕೀವಿ ತಿಂದವರಿಗೆ ಹೊಟ್ಟೆಯುಬ್ಬರದಂತಹ ತೊಂದರೆ ಎಲ್ಲರಿಗಿಂತ ಕಡಿಮೆಯಿತ್ತು. 2025ರಲ್ಲಿ ಬ್ರಿಟನ್ನಿನ ಆಹಾರತಜ್ಞರು ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಮಲಬದ್ಧತೆ ಇರುವವರಿಗೆ ಕೀವಿ ಹಣ್ಣು, ಇಸಬ್‌ಗೋಲು ಮೊದಲಾದುವನ್ನು ಹೆಸರಿಸಿ ಸಲಹೆ ಮಾಡಿದರು. “ನಾರು ಹೆಚ್ಚು ತಿನ್ನಿ” ಎಂಬ ಬರಿಯ ಮಾತಿಗೆ ಸಾಕಷ್ಟು ಆಧಾರವಿಲ್ಲ ಎಂದೂ ತಿಳಿಸಿದರು.

ನಾವು ಕಲಿಯಬೇಕಾದದ್ದು ಇಷ್ಟು. ಎಂದೋ ಒಂದು ದಿನ ಒಂದು ಹಣ್ಣು ತಿಂದು ಫಲ ನಿರೀಕ್ಷಿಸಬಾರದು. ಇಂಥ ಹಣ್ಣು, ಇಷ್ಟು ತೂಕ, ಪ್ರತಿದಿನ, ಮೂರು ನಾಲ್ಕು ವಾರ ಎಂದು ಗೊತ್ತುಮಾಡಿಕೊಂಡು ತಿನ್ನಬೇಕು. ಗೊಬ್ಬರವನ್ನಾದರೂ ನೀವು ಲೆಕ್ಕವಿಲ್ಲದೆ ಹಾಕುವುದಿಲ್ಲವಷ್ಟೆ.

5. ಯಾವ ಹಣ್ಣು ಒಳ್ಳೆಯದು?

ಸೀಬೆ ಅಥವಾ ಪೇರಲ: ನಮ್ಮ ಹಿತ್ತಿಲ ಹಣ್ಣುಗಳಲ್ಲಿ ನಾರಿಗೆ ಇದೇ ಮುಂದು. 100 ಗ್ರಾಂ ಹಣ್ಣಿನಲ್ಲಿ 5 ಗ್ರಾಂಗೆ ಕಡಿಮೆಯಿಲ್ಲದ ನಾರಿದೆ. ಚೆನ್ನಾಗಿ ಮಾಗಿದ ಹಣ್ಣನ್ನು ಸಿಪ್ಪೆಸಹಿತ ತೊಳೆದು ಅಗಿದು ತಿನ್ನಬೇಕು. ಬೀಜದ ಭಯ ಬೇಡ. ಆದರೆ ಹಲ್ಲಿಲ್ಲದ ವೃದ್ಧರು ಬೀಜಗಳನ್ನು ರಾಶಿಯಾಗಿ ನುಂಗುವುದು ಒಳ್ಳೆಯದಲ್ಲ. ಅವರಿಗೆ ತಿರುಳನ್ನು ಕಿವುಚಿ ಬೀಜ ತೆಗೆದು ಕೊಡಿರಿ.

ಪರಂಗಿ: ಇದರಲ್ಲಿ ನಾರು 100 ಗ್ರಾಂಗೆ 2 ಗ್ರಾಂಗಿಂತ ಕಡಿಮೆ. ಆದರೆ ನೀರು ಹೇರಳ, ಹಲ್ಲಿಲ್ಲದವರಿಗೂ ಸುಲಭ, ಬೆಲೆ ಕಡಿಮೆ. ಒಂದು ಬಟ್ಟಲು ತಿನ್ನುವುದು ಕಷ್ಟವಲ್ಲ.

ಬಾಳೆ: 100 ಗ್ರಾಂಗೆ ಸುಮಾರು ಎರಡೂವರೆ ಗ್ರಾಂ ನಾರು. ಬಾಳೆಹಣ್ಣು ಹೊಟ್ಟೆ ಕಟ್ಟುತ್ತದೆ ಎಂದು ಕೆಲವರು, ಹೊಟ್ಟೆ ಬಿಡಿಸುತ್ತದೆ ಎಂದು ಕೆಲವರು ವಾದಿಸುವುದುಂಟು. ಬಲಿಯದ ಕಾಯಲ್ಲಿ ಪಿಷ್ಟವೂ ಒಗರೂ ಹೆಚ್ಚು. ಭೇದಿಯಾದಾಗ ಬಾಳೆಕಾಯಿ ಬೇಯಿಸಿ ಕೊಡುವ ರೂಢಿ ಇದಕ್ಕಾಗಿಯೇ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಮಾಗಿದ ಹಣ್ಣಿನಲ್ಲಿ ಇವು ಕಡಿಮೆಯಾಗಿರುತ್ತವೆ. ಮಲಬದ್ಧತೆ ಇರುವವರು ಮಾಗಿದ ಹಣ್ಣನ್ನೇ ಆರಿಸಬೇಕು.

ಕಿತ್ತಳೆ, ಮೋಸಂಬಿ, ಚಕ್ಕೋತ: ತೊಳೆಯ ಪೊರೆಯನ್ನು ಉಗುಳದೆ ತಿನ್ನಬೇಕು. ನಾರಿರುವುದು ಅದರಲ್ಲಿ.

ಅಂಜೂರ: ಒಣಗಿದ ಅಂಜೂರದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರು. ಬೆಲೆ ಹೆಚ್ಚು. ರಾತ್ರಿ ಎರಡು ಹಣ್ಣು ನೆನೆಹಾಕಿ ಬೆಳಿಗ್ಗೆ ನೀರುಸಹಿತ ತೆಗೆದುಕೊಂಡರೆ ಸಾಕು.

ಕಲ್ಲಂಗಡಿ: ಬಾಯಾರಿಕೆಗೆ ಉತ್ತಮ. ನಾರು ಅರ್ಧ ಗ್ರಾಂ ಕೂಡ ಇಲ್ಲ. ಇದೊಂದನ್ನೇ ನಂಬಬಾರದು.

ಒಗರು ಹಣ್ಣುಗಳು: ಸೀಬೆಯ ಹೀಚು, ನೇರಳೆ, ಗೇರುಹಣ್ಣುಗಳ ಒಗರಿಗೆ ಟ್ಯಾನಿನ್ ಎಂಬ ವಸ್ತು ಕಾರಣ. ಇವು ತಿನ್ನಬಾರದ ವಸ್ತುಗಳಲ್ಲ. ಆದರೆ ಹೊಟ್ಟೆ ಕಟ್ಟಿದ ದಿನಗಳಲ್ಲಿ ಇವನ್ನು ಆರಿಸಬೇಡಿ.

ರಸದ ವಿಚಾರ ಒಂದು ಮಾತು. ನಾಲ್ಕು ಕಿತ್ತಳೆ ಹಿಂಡಿ ಸೋಸಿದರೆ ನಾಲ್ಕು ಹಣ್ಣಿನ ಸಕ್ಕರೆ ಲೋಟಕ್ಕೆ ಬರುತ್ತದೆ, ನಾರು ಜರಡಿಯಲ್ಲಿ ಉಳಿಯುತ್ತದೆ. ಅಂಗಡಿಯ ಬಾಟಲಿ ಪಾನಕಗಳ ಮಾತಂತೂ ಬೇಡ. ಹಣ್ಣನ್ನು ಹಲ್ಲಿನಿಂದಲೇ ತಿನ್ನಿರಿ.

6. ಎಷ್ಟು ತಿನ್ನಬೇಕು? ಹೇಗೆ ಆರಂಭಿಸಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಧಾರಣ ವಯಸ್ಕನ ದಿನದ ಆಹಾರದಲ್ಲಿ 100 ಗ್ರಾಂ ಹಣ್ಣು, ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ, ದಿನಕ್ಕೆ ಕಡಿಮೆಯೆಂದರೆ 25 ಗ್ರಾಂ ನಾರು ಬೇಕೆಂದು ಹೇಳಿದೆ.

ಈಗ ನಮ್ಮ ತಟ್ಟೆಯ ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನವನ್ನೇ ತಿಳಿಸಾರಿನಲ್ಲಿ ಉಣ್ಣುವವನಿಗೆ ದೊರೆಯುವ ನಾರು 8 ಗ್ರಾಂ ಆಸುಪಾಸು. ಅವನಿಗೆ ಮಲಬದ್ಧತೆ ಬಂದರೆ ಆಶ್ಚರ್ಯವೇನು? ಅದೇ ವ್ಯಕ್ತಿ ಒಂದು ಹೊತ್ತು 150 ಗ್ರಾಂ ರಾಗಿಹಿಟ್ಟಿನ ಮುದ್ದೆಯನ್ನು ಸೊಪ್ಪಿನ ಸಾರಿನೊಡನೆ ಉಂಡು, ಒಂದು ಸೀಬೆ, ಒಂದು ಬಾಳೆಹಣ್ಣು ತಿಂದರೆ 25 ಗ್ರಾಂ ಸುಲಭವಾಗಿ ತುಂಬುತ್ತದೆ. ಹಣ್ಣು ಮುದ್ದೆಗೆ ಬದಲಲ್ಲ, ಮುದ್ದೆಯ ಜೊತೆಗಾರ ಎಂದು ತಿಳಿಯಿರಿ.

ಆರಂಭ ನಿಧಾನವಾಗಿರಲಿ. ರೂಢಿಯಿಲ್ಲದ ಹೊಟ್ಟೆಗೆ ಒಮ್ಮೆಲೇ ಹೆಚ್ಚು ನಾರು ಬಿದ್ದರೆ ವಾಯು ತುಂಬಿ ಉಬ್ಬರಿಸುತ್ತದೆ. ಜನ ಎರಡೇ ದಿನಕ್ಕೆ ಬೇಸತ್ತು ಬಿಟ್ಟುಬಿಡುತ್ತಾರೆ. ಮೊದಲ ವಾರ ದಿನಕ್ಕೆ ಅರ್ಧ ಸೀಬೆ ಅಥವಾ ಒಂದು ಬಾಳೆಹಣ್ಣು, ಎರಡನೆಯ ವಾರ ಒಂದು ಸೀಬೆ, ಮೂರನೆಯ ವಾರದಿಂದ ಎರಡು ಹಣ್ಣು. ನೀರನ್ನು ಮರೆಯಬೇಡಿ. ನಾರು ನೀರನ್ನು ಹಿಡಿದಿಡುತ್ತದೆಯೇ ಹೊರತು ತಾನೇ ಉಂಟುಮಾಡುವುದಿಲ್ಲ. ಬಿಸಿಲಲ್ಲಿ ಕಳೆ ಕೀಳುವವರ ನೀರೆಲ್ಲ ಬೆವರಾಗಿ ಹೋಗುತ್ತದೆ. ಹೊಲಕ್ಕೆ ಹೋಗುವಾಗ ಬುತ್ತಿಯೊಡನೆ ನೀರಿನ ತಂಬಿಗೆಯನ್ನೂ ಎರಡು ಹಣ್ಣನ್ನೂ ಒಯ್ಯಿರಿ. ಊಟಕ್ಕೆ ಮೊದಲು ತಿಂದರೂ ಆಮೇಲೆ ತಿಂದರೂ ನಾರಿನ ಕೆಲಸ ನಿಲ್ಲುವುದಿಲ್ಲ.

7. ಹಣ್ಣೊಂದರಿಂದಲೇ ಆಗದ ಕೆಲಸ

ಬೆಳಿಗ್ಗೆ ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಆಗ ಬರುವ ಕರೆಗೆ ಓಗೊಡಬೇಕು. ಹಾಲು ಕರೆಯುವ ಹೊತ್ತು, ಬಸ್ಸಿನ ಹೊತ್ತು ಎಂದು ತಡೆದರೆ ಕರೆ ಅಡಗಿ ಮಲ ಒಣಗುತ್ತದೆ. ಇದರಿಂದ ಹೆಚ್ಚು ಕಷ್ಟಪಡುವವರು ಹೆಂಗಸರು. ಶೌಚಾಲಯವಿಲ್ಲದ, ಅಥವಾ ಇದ್ದರೂ ಸೌದೆ ತುಂಬಿಟ್ಟಿರುವ ಮನೆಯಲ್ಲಿ ಅವರು ಕತ್ತಲಾಗುವವರೆಗೆ ತಡೆಯುತ್ತಾರೆ. ಹೋಗಬೇಕಾಗುತ್ತದೆಂದು ಹೆದರಿ ನೀರನ್ನೂ ಕಡಿಮೆ ಕುಡಿಯುತ್ತಾರೆ. ಇಂತಹ ಮನೆಯಲ್ಲಿ ಬುಟ್ಟಿಗಟ್ಟಲೆ ಹಣ್ಣು ತಂದರೂ ಪ್ರಯೋಜನ ಅರ್ಧವೇ. ಗಂಡಸರು ಮೊದಲು ಆ ಸೌದೆಯನ್ನು ಹೊರಗೆ ಹಾಕಿ ಬಾಗಿಲಿಗೆ ಚಿಲಕ ಹಾಕಿಸಿಕೊಡಬೇಕು.

ಕೆಲವು ಔಷಧಗಳೂ ಹೊಟ್ಟೆ ಕಟ್ಟುತ್ತವೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಬಲವಾದ ಕೆಲವು ನೋವಿನ ಮಾತ್ರೆಗಳು ಇದಕ್ಕೆ ಉದಾಹರಣೆ. ಆದರೂ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬಾರದು; ಹಣ್ಣು, ಸೊಪ್ಪು, ನೀರು ಹೆಚ್ಚಿಸಿ ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ವಾರಕ್ಕೊಮ್ಮೆ ಹರಳೆಣ್ಣೆ ಕುಡಿಯುವ, ಭೇದಿ ಪುಡಿ ನುಂಗುವ ರೂಢಿ ಕೆಲವು ಮನೆಗಳಲ್ಲಿದೆ. ಭೇದಿಯಿಂದ ಕರುಳು ಪೂರ್ತಿ ಬರಿದಾದ ಮೇಲೆ ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಆ ದಿನಗಳಲ್ಲಿ ಮಲ ಬಾರದಿರುವುದು ಸಹಜ. ಅದನ್ನೇ ಮಲಬದ್ಧತೆ ಎಂದು ಭ್ರಮಿಸಿ ಮತ್ತೆ ಭೇದಿಗೆ ತೆಗೆದುಕೊಳ್ಳುತ್ತಾರೆ. ಹೀಗೆ ಖರ್ಚೂ ಮುಗಿಯುವುದಿಲ್ಲ, ತೊಂದರೆಯೂ ಮುಗಿಯುವುದಿಲ್ಲ. ಗರ್ಭಿಣಿಯರಂತೂ ಹರಳೆಣ್ಣೆ ಕುಡಿಯಲೇಬಾರದು.

8. ಯಾರು ಎಚ್ಚರದಿಂದಿರಬೇಕು? ಯಾವಾಗ ವೈದ್ಯರು ಬೇಕು?

ಸಕ್ಕರೆ ಕಾಯಿಲೆ ಇರುವವರು ಹಣ್ಣನ್ನು ಪೂರ್ತಿ ಬಿಡಬೇಕಾಗಿಲ್ಲ. ರಸ ಬಿಟ್ಟು, ಸೀಬೆ, ಕಿತ್ತಳೆಗಳನ್ನು ಮಿತವಾಗಿ ತಿನ್ನಬಹುದು. ಮಾವು, ಬಾಳೆಗಳ ಅಳತೆಯನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಹಣ್ಣನ್ನು ಹೆಚ್ಚಿಸಬಾರದು. ಅವರು ಧಾರೆಹುಳಿ ಅಥವಾ ಕಮರಾಕ್ಷಿ ಹಣ್ಣನ್ನು ಮುಟ್ಟಲೇಬಾರದು. ಅವರಿಗೆ ಅದು ವಿಷಸಮಾನ.

ಈ ಕೆಳಗಿನ ಲಕ್ಷಣ ಕಂಡರೆ ಹಣ್ಣು ತಿಂದು ನೋಡೋಣ ಎಂದು ದಿನ ಕಳೆಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ:

ಮಲದಲ್ಲಿ ರಕ್ತ ಕಂಡರೆ, ಅಥವಾ ಮಲ ಟಾರಿನಂತೆ ಕಪ್ಪಗಿದ್ದರೆ;
ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ರಕ್ತಹೀನತೆ ಕಂಡರೆ;
ವಯಸ್ಸು 50ರ ಸುಮಾರಾದ ಮೇಲೆ ಮಲವಿಸರ್ಜನೆಯ ರೂಢಿ ಹೊಸದಾಗಿ ಬದಲಾದರೆ;
ಮೂರು ನಾಲ್ಕು ವಾರ ಮೇಲಿನ ಕ್ರಮ ನಡೆಸಿದರೂ ಗುಣ ಕಾಣದಿದ್ದರೆ.

ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಹೋಗದಂತಾದರೆ ಅದು ಕರುಳು ಕಟ್ಟಿಕೊಂಡ ಲಕ್ಷಣ. ಆಗ ಭೇದಿ ಔಷಧವನ್ನೂ ಹಣ್ಣನ್ನೂ ಕೊಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ರಕ್ತ ಹೋಗುವುದೆಲ್ಲ ಮೂಲವ್ಯಾಧಿಯೇ ಎಂದು ನೀವೇ ತೀರ್ಮಾನಿಸಬೇಡಿ. ಕರುಳಿನ ಹುಣ್ಣು, ಕ್ಯಾನ್ಸರ್‌ಗಳೂ ಹೀಗೆಯೇ ಕಾಣಿಸಿಕೊಳ್ಳುವುದುಂಟು. ಬೇಗ ತೋರಿಸಿದವರಿಗೆ ಉಳಿವು ಹೆಚ್ಚು.

9. ಹಣ್ಣು ಎಲ್ಲಿಂದ ಬರಬೇಕು?

“ದಿನಾ ಹಣ್ಣು ಕೊಳ್ಳಲು ನಾವೇನು ಸಾಹುಕಾರರೇ?” ಎಂದು ಕೇಳುವಿರಿ. ಆದರೆ ಹಣ್ಣು ಬೆಳೆಯುವವರು ನೀವೇ! ಒಳ್ಳೆಯ ಹಣ್ಣೆಲ್ಲ ಮಂಡಿಗೆ ಹೋಗುತ್ತದೆ. ಬೆಳೆದವನ ಮನೆಯ ಮುದುಕಿ ಹಣ್ಣಿನ ರುಚಿ ನೋಡಿ ತಿಂಗಳಾಗಿರುತ್ತದೆ. ಮಂಡಿಯಲ್ಲಿ ಗಾತ್ರ ಸಾಲದೆಂದು, ಮೈಮೇಲೆ ಮಚ್ಚೆಯಿದೆಯೆಂದು ಬೆಲೆ ಕಟ್ಟದ ಹಣ್ಣಿನಲ್ಲಿಯೂ ನಾರು ಅಷ್ಟೇ ಇರುತ್ತದೆ. ಕೊಳೆತದ್ದನ್ನು ಬಿಟ್ಟು ಅಂತಹ ಹಣ್ಣನ್ನು ಮನೆಗೆ ಉಳಿಸಿರಿ. ಔಷಧಿ ಸಿಂಪಡಿಸಿದ ತೋಟವಾದರೆ ಡಬ್ಬಿಯ ಮೇಲೆ ಹೇಳಿರುವಷ್ಟು ದಿನ ಬಿಟ್ಟು ಕೊಯ್ದು, ಚೆನ್ನಾಗಿ ತೊಳೆದು ತಿನ್ನಬೇಕು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಹುಲ್ಲಿನಲ್ಲಿ ಮುಚ್ಚಿಟ್ಟು ಮಾಗಿಸಿರಿ.

ತೋಟವಿಲ್ಲದವರಿಗೆ ಹಿತ್ತಿಲು ಸಾಕು. ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆಕಂದು ನೆಡಿರಿ. 11ರಿಂದ 14 ತಿಂಗಳಲ್ಲಿ ಗೊನೆ ಕೈಗೆ ಬರುತ್ತದೆ, ಮುಂದೆ ಮರಿಕಂದುಗಳು ಮುಂದುವರಿಯುತ್ತವೆ. ನೀರು ನಿಲ್ಲದ ಎತ್ತರದ ಜಾಗದಲ್ಲಿ ಆರು ಅಡಿ ಅಂತರದಲ್ಲಿ ಮೂರು ಪರಂಗಿ ಗಿಡಗಳಿರಲಿ. 9, 10 ತಿಂಗಳಲ್ಲಿ ಹಣ್ಣು ಸಿಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸೂರ್ಯ ತಳಿಯಲ್ಲಿ ಗಂಡುಗಿಡದ ತೊಂದರೆಯಿಲ್ಲ. ಪರಂಗಿಯ ಬುಡದಲ್ಲಿ ಒಂದು ದಿನ ನೀರು ನಿಂತರೂ ಬೇರು ಕೊಳೆಯುತ್ತದೆ ಎಂಬುದು ನೆನಪಿರಲಿ. ಬಿಸಿಲು ಬೀಳುವ ಮೂಲೆಯಲ್ಲಿ ಒಂದು ಕಸಿ ಸೀಬೆ. ಎರಡು ಮೂರು ವರ್ಷಕ್ಕೆ ಫಲ. ಇವು ಮೂರೂ ಸೇರಿದರೆ ವರ್ಷದ ಬಹುಪಾಲು ದಿನ ಮನೆಯಲ್ಲಿ ಒಂದಲ್ಲ ಒಂದು ಹಣ್ಣು ಇರುತ್ತದೆ.

ಈ ತಿಂಗಳ ಅಭ್ಯಾಸ

ಮನೆಯಲ್ಲಿ ಮಲಬದ್ಧತೆಯಿಂದ ಬಳಲುವ ಒಬ್ಬರನ್ನು ಆರಿಸಿಕೊಳ್ಳಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಎರಡು ಗುರುತು ಹಾಕಿರಿ: ಹಣ್ಣು ತಿಂದ ದಿನಕ್ಕೆ ಒಂದು ಸೊನ್ನೆ, ಕಷ್ಟವಿಲ್ಲದೆ ಹೊಟ್ಟೆ ಹೋದ ದಿನಕ್ಕೆ ಒಂದು ಗೀಟು. ನಾಲ್ಕು ವಾರವಾದ ಮೇಲೆ ಮೊದಲ ವಾರದ ಗೀಟುಗಳನ್ನೂ ಕೊನೆಯ ವಾರದ ಗೀಟುಗಳನ್ನೂ ಎಣಿಸಿ ಹೋಲಿಸಿರಿ. ಹೆಚ್ಚಾಗಿದ್ದರೆ ಕ್ರಮವನ್ನು ಬಿಡಬೇಡಿ. ಹೆಚ್ಚಾಗದಿದ್ದರೆ ಆ ಕ್ಯಾಲೆಂಡರಿನ ಹಾಳೆಯನ್ನೇ ತೆಗೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿರಿ; ನಾಚಿಕೆಯಿಂದ ಹೇಳಲಾಗದ್ದನ್ನು ಅದು ವೈದ್ಯರಿಗೆ ಹೇಳುತ್ತದೆ.

ನಿಮ್ಮ ಗ್ರಾಮಸೇವಕ